ಮುಲಾಮು ಒಂದು ಬದಿ, ಬೈಗುಳ ಇನ್ನೊಂದು ಬದಿ

ಮೊನ್ನೆ ಮೊಣಕಾಲು ನೋವೆಂದು ಔಷಧ ಅಂಗಡಿಯಿಂದ ಒಂದು ಎಣ್ಣೆ ತಂದೆ. ಮುಚ್ಚಳ ತೆಗೆದದ್ದೇ ತಡ, ವಿಂಟರ್‌ಗ್ರೀನ್ ವಾಸನೆ ಕೋಣೆಯನ್ನೆಲ್ಲ ತುಂಬಿತು. ಮನೆಯವಳು "ಥೋ, ಎಂತಾ ವಾಸ್ನೆ ಇದು!" ಎಂದು ಕಿಟಕಿ ತೆಗೆಯಲು ಎದ್ದಳು. ನಾನು ಎಣ್ಣೆ ಹಚ್ಚಿಕೊಳ್ಳುವುದನ್ನೂ ಮರೆತು ಕೂತೆ. ಇದು ಶಿರಸಿಯ ಒಂದು ಸಣ್ಣ ದವಾಖಾನೆಯ ವಾಸನೆ. ಅಲ್ಲಿ ಸೋಮವಾರ ಬೆಳಿಗ್ಗೆ ನಮ್ಮ ಟೀಮಿನ ಹುಡುಗರು ಬೆಂಚಿನ ಮೇಲೆ ಸಾಲಾಗಿ ಕಾಲು ಚಾಚಿ ಕೂತಿರುತ್ತಿದ್ದರು. ಅವರ ಮಧ್ಯೆ ಬಿಳಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬೊಬ್ಬರ ಕಾಲಿಗೂ ಎಣ್ಣೆ ತಿಕ್ಕುತ್ತ, ನಮ್ಮ ಆಡಳಿತ ಮಂಡಳಿಯ ಮಾನ ತೆಗೆಯುತ್ತಿದ್ದವರು ನರ್ಸ್‌ಬಾಯಿ.

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷ ಆಗಿರಬೇಕು. ನಾನಾಗ ಒಂದು ಕಟ್ಟಿಗೆ ಮಿಲ್ಲಿನಲ್ಲಿ ಕಾರಕೂನ. ಮಿಲ್ಲಿನ ಸಾಹುಕಾರರು ಬನವಾಸಿ ಕಡೆಯವರು, ಕೈ ಬಿಚ್ಚಿ ಖರ್ಚು ಮಾಡುವ ದೊಡ್ಡ ಮನಸ್ಸಿನವರು. ಹುಬ್ಬಳ್ಳಿಗೆ ಹೋದಾಗ ಒಮ್ಮೆ ಫುಟ್‌ಬಾಲ್ ನೋಡಿ ಬಂದವರೇ ತಮಗೂ ಒಂದು ಟೀಮು ಬೇಕೆಂದರು. ಚೆಂಡು ಒದ್ದು ಹೊಟ್ಟೆ ಹೊರೆಯುವುದು ನಮ್ಮ ಕಡೆ ಯಾರೂ ಕೇಳದ ಮಾತು. ಇವರು ಕಾರವಾರ, ಹಳಿಯಾಳ, ಯಲ್ಲಾಪುರ ಎಲ್ಲ ಸುತ್ತಿ ಹನ್ನೊಂದು ಜನರನ್ನು ತಂದು ಮಿಲ್ಲಿನ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿದರು. ಪುಸ್ತಕದಲ್ಲಿ ಅವರು ದಿಮ್ಮಿ ಸಾಗಿಸುವವರು, ಸಂಬಳ ಮಾತ್ರ ಆಟಕ್ಕೆ. ಟೀಮು ಅಂದಮೇಲೆ ಆಡಳಿತ ಮಂಡಳಿ ಬೇಡವೇ? ಸಾಹುಕಾರರು ಅಧ್ಯಕ್ಷರಾದರು, ನಾನು ಸೆಕ್ರೆಟರಿ ಆದೆ. ಆಫ್‌ಸೈಡ್ ಅಂದರೇನು ಅಂತ ನನಗೆ ಗೊತ್ತಿರಲಿಲ್ಲ, ಸಾಹುಕಾರರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ನರ್ಸ್‌ಬಾಯಿಗೆ. ಕಾರವಾರದ ಕ್ರಿಶ್ಚಿಯನ್ ಮನೆತನದವರು, ನಲವತ್ತರ ಒಳಗಿನ ಪ್ರಾಯ, ಮದುವೆಯಾಗಿರಲಿಲ್ಲ. ಐದು ಜನ ಅಣ್ಣಂದಿರು ಸಮುದ್ರದ ದಂಡೆಯಲ್ಲಿ ಆಡುವಾಗ ಚೆಂಡು ಹೆಕ್ಕಿಕೊಡುತ್ತ ಬೆಳೆದವರಂತೆ. ಭಾನುವಾರ ಇಗರ್ಜಿಯಿಂದ ಬಂದು ಊಟ ಮುಗಿಸಿ, ಕರಿ ಕೊಡೆ ಹಿಡಿದು ಮೈದಾನಕ್ಕೆ ಬಂದು ಗೆರೆಯ ಪಕ್ಕದಲ್ಲೇ ನಿಲ್ಲುತ್ತಿದ್ದರು. ಅಷ್ಟು ಗಂಡಸರ ಮಧ್ಯೆ ತಾನೊಬ್ಬಳೇ ಹೆಂಗಸು ಎಂಬ ಪರಿವೆಯೇ ಇರಲಿಲ್ಲ.

"ಏ ಸೆಕ್ರೆಟರಿ! ಆ ಗೋಲ್‌ಕೀಪರನ್ನ ಯಾವ ಮರದಿಂದ ಕೊಯ್ಸಿದ್ದು ಮಾರಾಯ? ಸಾಗವಾನಿಯೋ, ಮತ್ತಿಯೋ? ಬಾಲು ಬಂದ್ರೂ ಹಂದೂದೇ ಇಲ್ಲ!" ಎಂದು ಅರ್ಧ ಮೈದಾನಕ್ಕೆ ಕೇಳುವ ಹಾಗೆ ಕೂಗುತ್ತಿದ್ದರು. ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಎತ್ತರ ಇದ್ದಾನೆ ಎಂಬ ಒಂದೇ ಕಾರಣಕ್ಕೆ ಅವನನ್ನು ಗೋಲಿನಲ್ಲಿ ನಿಲ್ಲಿಸಿದವರು ನಾವೇ ತಾನೆ.

ನಮ್ಮ ಕಾರಭಾರವೆಲ್ಲ ಹೀಗೇ. ಸೋತಾಗಲೆಲ್ಲ ಕ್ಯಾಪ್ಟನ್ ಬದಲು. ಒಂದು ವರ್ಷ ಹಸಿರು ಅಂಗಿ ಆಗಿಬರಲಿಲ್ಲವೆಂದು ಹಳದಿ ಹೊಲಿಸಿದೆವು. ಅಭ್ಯಾಸದ ಹೊತ್ತಿಗೆ ನಾಟಾ ಲಾರಿ ಬಂದರೆ ಆಟಗಾರರೇ ಹೋಗಿ ದಿಮ್ಮಿ ಇಳಿಸಬೇಕು, ಮರುದಿನ ಅದೇ ಸೊಂಟ ಹಿಡಿದುಕೊಂಡು ಆಡಬೇಕು. ಸಾಹುಕಾರರ ಹೆಂಡತಿಯ ತಮ್ಮನೊಬ್ಬನಿದ್ದ, ಹತ್ತು ಮಾರು ಓಡಿದರೆ ಉಬ್ಬಸ ಬರುತ್ತಿತ್ತು. ಅವನಿಗೂ ಟೀಮಿನಲ್ಲಿ ಜಾಗ. "ಕುಣೀಲಾರದವಳು ನೆಲ ಡೊಂಕು ಅಂದಳಂತೆ. ಅಂಗಿ ಬದ್ಲಾಯಿಸ್ತಾರಂತೆ ಅಂಗಿ! ಮೊದ್ಲು ನಿಮ್ಮ ಮಂಡಳಿ ಬದ್ಲಾಯ್ಸಿ" ಎಂದು ಬಾಯಿ ನನ್ನ ಮುಖಕ್ಕೇ ಹೇಳಿದ್ದರು. ನನಗೆ ಸಿಟ್ಟು ಬಂದಿತ್ತು. ಆದರೆ ಆ ಮಾತಿನಲ್ಲಿ ಸುಳ್ಳೇನಿತ್ತು?

ಸೋಮವಾರ ಹುಡುಗರ ಕೈಯಲ್ಲಿ ಅವರು ಕಳಿಸುತ್ತಿದ್ದ ಔಷಧದ ಚೀಟಿಗಳು ನನ್ನ ಮೇಜಿಗೆ ಬರುತ್ತಿದ್ದವು. ಒಂದು ಬದಿಯಲ್ಲಿ, ಮುಲಾಮು ದಿನಕ್ಕೆರಡು ಸಲ. ತಿರುವಿ ಹಾಕಿದರೆ ನನಗೆ ಪಾಠ. "ಎಡಗಡೆ ಆಡುವವನಿಗೆ ಎಡಗಾಲಲ್ಲಿ ಒದೆಯಲು ಬರುವುದಿಲ್ಲ, ಇಷ್ಟು ದಿನವಾದರೂ ನೋಡಿಲ್ಲವೇ? ಬಲಕ್ಕೆ ಹಾಕು." "ಆಟಕ್ಕೆ ಮೊದಲು ಹೊಟ್ಟೆ ಬಿರಿಯುವಷ್ಟು ಮೊಸರವಲಕ್ಕಿ ತಿನ್ನಿಸಿದ ಮಹಾನುಭಾವ ಯಾರು?" ಆ ಮಹಾನುಭಾವ ನಾನೇ. ಒಮ್ಮೆ ನೋಡೇ ಬಿಡೋಣ ಎಂದು ಆ ಹುಡುಗನನ್ನು ಬಲಕ್ಕೆ ಹಾಕಿದೆ. ಆ ಭಾನುವಾರ ನಾವು ಸೋಲಲಿಲ್ಲ, ಸಮ ಮಾಡಿಕೊಂಡೆವು. ಮರುದಿನ ಚೀಟಿಯ ಜೊತೆ ಬಾಳೆ ಎಲೆಯಲ್ಲಿ ಸುತ್ತಿದ ಒಂದು ತುಂಡು ಕೇಕು ಬಂತು. ಆಮೇಲೆ ನನಗೆ ಅರ್ಥವಾಯಿತು, ಈ ಹೆಂಗಸು ಬೈಯುವುದು ನಮ್ಮ ಮೇಲಿನ ಹಗೆಯಿಂದಲ್ಲ. ಇಡೀ ಶಿರಸಿಯಲ್ಲಿ ಆ ಟೀಮಿಗಾಗಿ ನಿದ್ದೆಗೆಡುವ ಜೀವ ಇದ್ದರೆ ಅದು ಬಾಯಿ ಒಬ್ಬರೇ.

ಇನ್ನೊಂದು ಸಂಗತಿ ಹೇಳಬೇಕು. ಸಾಹುಕಾರರು ದೊಡ್ಡ ಕೆಲಸ ಯಾವುದನ್ನೂ ಪ್ರಸಾದ ಕೇಳದೆ ಮಾಡುತ್ತಿರಲಿಲ್ಲ. ಮಿಲ್ಲಿನ ಹಿಂದೆ ಅವರದೇ ಒಂದು ಸಣ್ಣ ಗುಡಿ ಇತ್ತು. ಪೂಜಾರಿ ಒದ್ದೆ ಹೂವಿನ ಎಸಳನ್ನು ದೇವರ ಮೈಗೆ ಹಚ್ಚಿ, ಕೇಳಬೇಕಾದ್ದನ್ನು ಕೇಳಿದ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಕಾಯುವುದು. ಬಲಗಡೆಯ ಎಸಳು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ನಮ್ಮ ಕಡೆ ಹೆಣ್ಣು ಕೊಡುವುದು, ಬಾವಿ ತೋಡುವುದು ಎಲ್ಲ ಹಾಗೇ ನಡೆಯುತ್ತದೆ, ನಾನೂ ನಂಬಿದವನೇ. ಕ್ರಮೇಣ ಆಟಕ್ಕೆ ಯಾರನ್ನು ಇಳಿಸುವುದು ಎಂಬುದೂ ಗುಡಿಗೆ ಹೋಯಿತು. ಏನು ಕೇಳಬೇಕು ಅಂತ ಮಾತು ಜೋಡಿಸಿ ಪೂಜಾರಿಗೆ ಹೇಳುವುದು ಸೆಕ್ರೆಟರಿಯ ಕೆಲಸ.

ಟೀಮಿನಲ್ಲಿ ನಿಜವಾಗಿ ಆಡುತ್ತಿದ್ದವನು ಒಬ್ಬನೇ, ನಮ್ಮ ಸೆಂಟರ್ ಫಾರ್ವರ್ಡ್. ಮಂಚಿಕೇರಿ ಕಡೆಯವನು, ಮೊದಲು ಕಾಡಿನಿಂದ ನಾಟಾ ಗಾಡಿ ಹೊಡೆಯುತ್ತಿದ್ದವನು. ಇಪ್ಪತ್ತೆರಡು ವರ್ಷ ಇರಬಹುದು. ಅವನ ಕಾಲಿಗೆ ಚೆಂಡು ಸಿಕ್ಕಿತೆಂದರೆ ಬಾಯಿಯ ಕೂಗು ನಿಂತು ಹೋಗುತ್ತಿತ್ತು, ಕೊಡೆ ಮಡಚಿ ಎದೆಗೆ ಒತ್ತಿಕೊಳ್ಳುತ್ತಿದ್ದರು.

ಆ ವರ್ಷವೂ ನಾವು ಒಂದೂ ಆಟ ಗೆದ್ದಿರಲಿಲ್ಲ. ಹುಬ್ಬಳ್ಳಿಯ ಒಂದು ಟೀಮು ನಮ್ಮಲ್ಲಿಗೇ ಆಡಲು ಬರುವುದಿತ್ತು. ಸಾಹುಕಾರರು ನನ್ನನ್ನು ಕರೆದು, "ನೋಡ್ರಿ ಕಾರಕೂನ್ರ, ಮಂದಿ ಮುಂದ ಮಾರಿ ತೋರ್ಸಾಕ ಆಗವಲ್ದು. ಇದೊಂದು ಸೋತ್ರ ಟೀಮ್ ಬಂದ್ ಮಾಡಿಬಿಡೂಣು" ಎಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ, ಬೇಸರದಲ್ಲಿ ಹೇಳಿದ್ದು. ಬಂದ್ ಅಂದರೆ ಹನ್ನೊಂದು ಜನರ ಅನ್ನ ಹೋದಂತೆ.

ಅದೇ ವಾರ ಸೆಂಟರ್ ಫಾರ್ವರ್ಡಿನ ಬಲ ಮೊಣಕಾಲು ಅಭ್ಯಾಸದಲ್ಲಿ ತಿರುಚಿತು. ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಬಾಯಿ ಮುಟ್ಟಿ ನೋಡಿದರು, ಮಡಚಿಸಿ ನೋಡಿದರು. ಒಳಗೆ ಹೋಗಿ ಡಾಕ್ಟರರನ್ನೂ ಕರೆತಂದು ತೋರಿಸಿದರು. ಬೈಗುಳ ಒಂದೂ ಬರಲಿಲ್ಲ. ನನಗೆ ಹೆದರಿಕೆ ಆದದ್ದೇ ಆಗ. ಚೀಟಿ ಬರೆದು ನನ್ನ ಕೈಯಲ್ಲಿಟ್ಟರು, ಹಿಂಬದಿ ಖಾಲಿ. "ಆರು ವಾರ ಆಡಕೂಡದು. ಆಡಿದರೆ ಕಾಲು ಜೀವನಪೂರ್ತಿ ಸರಿಯಾಗುವುದಿಲ್ಲ" ಎಂದಿತ್ತು, ಕೆಳಗೆ ಡಾಕ್ಟರರ ಸಹಿ.

"ಸಾಹುಕಾರ್ರ ಮುಂದೆ ಇದನ್ನ ಓದು. ಬಾಯಲ್ಲಿ ಹೇಳ್ಬೇಡ, ನೀನು ಹೇಳಿದ್ರೆ ಅರ್ಧ ನುಂಗ್ತೀಯ. ಅಕ್ಷರ ಬಿಡದೆ ಓದು, ತಿಳೀತಾ?"

"ಆಯ್ತು ಬಾಯಿ" ಎಂದೆ.

ಹಾದಿಯಲ್ಲಿ ಆ ಹುಡುಗ ಕುಂಟುತ್ತ ಬರುತ್ತಿದ್ದವನು ನನ್ನ ತೋಳು ಹಿಡಿದ. "ಕಾರಕೂನ್ರೇ, ಅದ್ನ ಓದ್ಬೇಡಿ. ಎಲ್ಲಾ ಬಂದ್ ಆದ್ರೆ ನಾ ಮತ್ತೆ ಗಾಡಿ ಹೊಡೀಲಿಕ್ಕೆ ಹೋಗ್ಬೇಕು. ನಾ ಆಡ್ತೆ, ಎಂತದೂ ಆಗೂದಿಲ್ಲ." ಅವನೇ ಹೇಳಿದ, ನಿಜ. ಆದರೆ ಇಪ್ಪತ್ತೆರಡರ ಹುಡುಗ ಹೇಳುವುದು ಇನ್ನೇನನ್ನು? ಇದನ್ನು ನನ್ನ ನೆಪವಾಗಿ ಇಷ್ಟು ವರ್ಷ ಹಿಡಿದುಕೊಂಡಿದ್ದೇನೆ, ಈಗ ಬಿಡುತ್ತೇನೆ.

ಆಟದ ಹಿಂದಿನ ದಿನ ಬೆಳಿಗ್ಗೆ ಗುಡಿಯಲ್ಲಿ ಸೇರಿದೆವು. ಹುಡುಗನ ಕಾಲು ಊದಿದ್ದು ಸಾಹುಕಾರರ ಕಣ್ಣಿಗೂ ಬಿದ್ದಿತ್ತು. "ದವಾಖಾನ್ಯಾಗ ಏನಂದ್ರು?" ಎಂದು ನನ್ನನ್ನೇ ಕೇಳಿದರು. ಚೀಟಿ ಅಂಗಿಯ ಕಿಸೆಯಲ್ಲಿತ್ತು. ಕೈ ಕಿಸೆಯವರೆಗೆ ಹೋಯಿತು... "ಉಳುಕಿದೆ ಅಂದ್ರು, ಎಣ್ಣೆ ಕೊಟ್ಟಿದ್ದಾರೆ" ಎಂದೆ. ಸಾಹುಕಾರರು ಹುಡುಗನ ಕಾಲನ್ನೇ ನೋಡಿ, "ಹಂಗಾದ್ರ ಕೇಳ್ರಿ ದೇವ್ರಿಗೆ" ಎಂದರು. ನಾನು ಮಾತು ಜೋಡಿಸಿದೆ. ಇವನ ಕಾಲು ಉಳಿಯುತ್ತದೆಯೇ ಎಂದು ಕೇಳಬಹುದಿತ್ತು. ಇವನನ್ನು ಆಡಿಸಿದರೆ ಆಟ ನಮ್ಮದಾಗುತ್ತದೆಯೇ ಎಂದು ಕೇಳಿಸಿದೆ. ಬಲದ ಎಸಳು ಬಿತ್ತು. ಎಲ್ಲರೂ ಕೈ ಮುಗಿದರು.

ಆಟವೂ ನಮ್ಮದಾಯಿತು. ಹುಡುಗ ಮೈದಾನಕ್ಕೆ ಇಳಿದದ್ದು ಕಂಡು ಬಾಯಿ ಗೆರೆಯ ಆಚೆಯಿಂದ ಕೂಗಿದ್ದು ಜನರ ಗದ್ದಲದಲ್ಲಿ ಮುಳುಗಿಹೋಯಿತು. ಇನ್ನೇನು ಕೊನೆಯ ಸೀಟಿ ಊದಬೇಕು ಎನ್ನುವಾಗ ಅವನಿಗೆ ಚೆಂಡು ಸಿಕ್ಕಿತು. ನೋವಿನ ಕಾಲಿನ ಮೇಲೆ ಇಡೀ ಮೈಭಾರ ಹಾಕಿ ಎಡಗಾಲಲ್ಲಿ ಒದ್ದ. ಗೋಲು! ನಾನು ಅಂಥ ಕೂಗು ಶಿರಸಿಯಲ್ಲಿ ಮತ್ತೆ ಕೇಳಿಲ್ಲ. ಆ ಒಂದು ಗೋಲಿಗೇ ಗೆದ್ದೆವು. ಅವನು ಒದ್ದಲ್ಲೇ ಬಿದ್ದಿದ್ದ. ಸೀಟಿ ಊದಿದ್ದೇ ಜನ ನುಗ್ಗಿ ಅವನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ಅವನು ಬಾಯಿ ಬಿಟ್ಟು ಅಳುತ್ತಿದ್ದ. ಸಂತೋಷಕ್ಕೆ ಅಳುತ್ತಿದ್ದಾನೆ ಎಂದುಕೊಂಡೆವು. ಸಾಹುಕಾರರು ಪೇಟ ತೆಗೆದು ಬೀಸುತ್ತಿದ್ದರು, ನಾನೂ ಕುಣಿಯುತ್ತಿದ್ದೆ.

ಆಗ ನರ್ಸ್‌ಬಾಯಿ ಓಡಿ ಬಂದರು. ಅಷ್ಟು ದಿನ ಗೆರೆ ದಾಟದವರು ಮೈದಾನದ ನಡುವೆ ಬಂದು ಕೊಡೆಯಿಂದ ಎದುರು ಸಿಕ್ಕವರಿಗೆಲ್ಲ ಬಾರಿಸತೊಡಗಿದರು. "ಇಳಿಸ್ರೋ ಅವನನ್ನ! ಕಾಲು ನೋಡ್ರೋ, ಕಾಲು ನೇತಾಡ್ತಾ ಉಂಟು! ದೇವಾ ಸಾಯ್ಬಾ, ಇವ್ರಿಗೆ ಕಣ್ಣಿಲ್ವಾ!" ಜನ ಸರಿದು ನಿಂತರು. ಅವನನ್ನು ಹುಲ್ಲಿನ ಮೇಲೆ ಮಲಗಿಸಿ, ಆ ಮೊಣಕಾಲನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಕೂತರು. ಎರಡು ವರ್ಷ ಆ ಒಂದು ಗೆಲುವಿಗಾಗಿ ಗಂಟಲು ಹರಿದುಕೊಂಡವರು ಗೆದ್ದ ದಿನ ಹೀಗೆ ಅಳುತ್ತ ಕೂತರು.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಸಾಹುಕಾರರೇ ತಮ್ಮ ಕಾರಿನಲ್ಲಿ ಅವನನ್ನು ಕರೆದುಕೊಂಡು ಹೋದರು, ನಾನೂ ಜೊತೆಗಿದ್ದೆ. ಕಾಲು ಸರಿಯಾಗಲಿಲ್ಲ. ಹಿಂದಿರುಗುವಾಗ ಅವರು, "ಮೊದ್ಲ ಗೊತ್ತಿದ್ರ ಆಡಸ್ತಿದ್ನೇನ್ರಿ ನಾ?" ಎಂದು ನಾಲ್ಕು ಸಲ ಅಂದರು. ನಾನು ಕಿಟಕಿಯ ಆಚೆ ನೋಡುತ್ತ ಕೂತಿದ್ದೆ. ಮನೆಗೆ ಬಂದರೆ ನನ್ನ ತಾಯಿ ಅಂಗಿ ಒಗೆದು ಹಾಕಿದ್ದಳು. "ತಮಾ, ಕಿಸೆಲಿ ಎಂತೋ ಕಾಗ್ದ ಇತ್ತು, ಬೇಕಾದ್ದನಾ?" ಎಂದು ಕೇಳಿದಳು. "ಇಲ್ಲೆ ಆಯಿ, ಬೇಡದ್ದು" ಎಂದೆ.

ವಾರದ ಮೇಲೆ ದವಾಖಾನೆಯ ಮುಂದೆ ಹಾಯುವಾಗ ಬಾಯಿ ಕರೆದರು. ಮುಖ ಇಳಿದು ಹೋಗಿತ್ತು. "ಒಂದೇ ಮಾತು ಕೇಳ್ತೇನೆ ಸೆಕ್ರೆಟರಿ. ಓದಿದ್ಯಾ?"

"ಓದಿದೆ ಬಾಯಿ. ಅವ್ರು ಕೇಳ್ಲಿಲ್ಲ."

ಎಷ್ಟು ಸಲೀಸಾಗಿ ಬಂತು ಆ ಮಾತು! ಬಾಯಿ ನನ್ನ ಭುಜದ ಮೇಲೆ ಕೈ ಇಟ್ಟರು. "ನೀನೆಂತ ಮಾಡ್ತೀಯ ಪಾಪ, ಸಂಬಳದವ. ನೀನಾದ್ರೂ ಓದಿದ್ಯಲ್ಲ" ಎಂದರು. ಒಳಗೆ ಕರೆದು ಚಾ ಮಾಡಿಕೊಟ್ಟರು. ಕುಡಿದೆ.

ಅಂದಿನಿಂದ ಅವರು ಸಾಹುಕಾರರ ಮುಖ ನೋಡಲಿಲ್ಲ. ದಾರಿಯಲ್ಲಿ ಸಿಕ್ಕಾಗ ಸಾಹುಕಾರರು ಕೈ ಎತ್ತಿ ಮುಗಿದರೆ ಮುಖ ಆ ಕಡೆ ತಿರುಗಿಸುತ್ತಿದ್ದರು. "ಕಾರಕೂನ್ರ, ಆ ಬಾಯಿಗೆ ನಾ ಏನ್ ಮಾಡೇನಿ?" ಎಂದು ಆ ದೊಡ್ಡ ಮನುಷ್ಯ ಒಮ್ಮೆ ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. ಹುಡುಗನಿಗೆ ಅವರು ಮಿಲ್ಲಿನ ಗೇಟಿನಲ್ಲಿ ಕೂರುವ ಕೆಲಸ ಕೊಟ್ಟರು, ಕೋಲು ಹಿಡಿದು ಬರುತ್ತಿದ್ದ. ಗೆದ್ದ ಟೀಮು ಮರುವರ್ಷ ಹೇಗೂ ಮುಚ್ಚಿತು. ನರ್ಸ್‌ಬಾಯಿಗೆ ಸಿದ್ದಾಪುರಕ್ಕೆ ವರ್ಗವಾಯಿತು, ಅಲ್ಲಿಂದ ಇನ್ನೆಲ್ಲಿಗೋ... ಕ್ರಿಸ್‌ಮಸ್ಸಿಗೆ ಮಾತ್ರ ನನಗೆ ತಪ್ಪದೆ ಒಂದು ಕಾರ್ಡು ಬರುತ್ತಿತ್ತು. "ಕಿವಿ ಇದ್ದ ಒಬ್ಬನೇ ಸೆಕ್ರೆಟರಿಗೆ" ಎಂದು ಬರೆಯುತ್ತಿದ್ದರು. ಪ್ರತಿ ಸಲ ಉತ್ತರದಲ್ಲಿ ನಿಜ ಬರೆಯಬೇಕೆಂದು ಕೂರುತ್ತಿದ್ದೆ, ಹಬ್ಬದ ಶುಭಾಶಯ ಬರೆದು ಏಳುತ್ತಿದ್ದೆ.

ಈ ಸಲ ಕಾರ್ಡು ಬರಲಿಲ್ಲ. ಅವರ ಅಣ್ಣನ ಮಗಳ ಕಾಗದ ಬಂತು. ಎಂಬತ್ತು ದಾಟಿದ್ದರಂತೆ, ಮಲಗಿದಲ್ಲೇ ಹೋದರಂತೆ. ಸಾಹುಕಾರರೂ ಇಲ್ಲ, ಆ ಹುಡುಗನೂ ಇಲ್ಲ. ಇನ್ನು ನಿಜ ಹೇಳುವುದಾದರೂ ಯಾರಿಗೆ? ಆದರೂ ಮನಸ್ಸು ತಡೆಯಲಿಲ್ಲ, ಬಸ್ಸು ಹತ್ತಿ ಕಾರವಾರಕ್ಕೆ ಹೋದೆ. ಆ ಮನೆಯಲ್ಲಾದರೂ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನನ್ನನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದರು. ಮೊಮ್ಮಕ್ಕಳನ್ನೆಲ್ಲ ಕರೆದು ಎದುರಿಗೆ ನಿಲ್ಲಿಸಿದರು.

"ನಮ್ಮತ್ತೆ ಯಾವಾಗ್ಲೂ ಹೇಳೂದು. ಅಷ್ಟು ದೊಡ್ಡ ಸಾಹುಕಾರ್ರ ಮುಂದೆ ಹೆದರದೆ ಚೀಟಿ ಓದಿದವ್ರು ನೀವೇ ಅಲ್ವಾ?" ಎಂದಳು ಕಾಗದ ಬರೆದ ಆ ಹೆಣ್ಣುಮಗಳು.

ಮಕ್ಕಳು ನನ್ನನ್ನೇ ನೋಡುತ್ತಿದ್ದರು.

"ಹೌದಮ್ಮ, ನಾನೇ" ಎಂದೆ.