ತಾನು ಹಾಕಿದ ಒಲೆ ಉರಿಯುವುದನ್ನು ಕಾಣದ ಪಾರಮ್ಮ

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಹಾಲಿನವರ ಸೈಕಲ್ ಗಂಟೆ ಇನ್ನೂ ಕೇಳಿಸಿಲ್ಲ. ಹತ್ತಿ ವ್ಯಾಪಾರಿ ವಿರೂಪಾಕ್ಷಪ್ಪನವರ ಹಿತ್ತಿಲಲ್ಲಿ ಪಾರಮ್ಮ ಆಗಲೇ ಸೀರೆ ಎತ್ತಿಕಟ್ಟಿ ಮಣ್ಣು ತುಳಿಯುತ್ತಿದ್ದಾರೆ. ಕೊಳಗಲ್ಲಿನ ಕೆಂಪು ಮಣ್ಣು, ಸಿರುಗುಪ್ಪದ ಗಿರಣಿಯಿಂದ ಬಂದ ಭತ್ತದ ಹೊಟ್ಟು, ಜಟಕಾ ನಿಲ್ಲುವಲ್ಲಿ ಕೇಳಿ ತಂದ ಕುದುರೆ ಲದ್ದಿ, ಮೂರನ್ನೂ ನಿನ್ನೆಯೇ ನೆನೆಹಾಕಿದ್ದಾರೆ. ಕಾಲು ತನ್ನ ಪಾಡಿಗೆ ತಾನು ತುಳಿಯುತ್ತಿದೆ. ಕಣ್ಣು ಮಾತ್ರ ಅಡುಗೆಮನೆಯ ಕಿಟಕಿಯಲ್ಲಿ ನೆಟ್ಟಿದೆ. ಅಲ್ಲಿ ಹೋದ ವಾರ ಹಾಕಿಕೊಟ್ಟ ಒಲೆಯನ್ನು ನಿನ್ನೆ ತಮ್ಮ ಕೈಯಾರೆ ಒಡೆದು ಹಾಕಿದ್ದಾರೆ.

"ಯಾರ ತಪ್ಪು ಅಂತ ಗೊತ್ತಾಗಿದ್ರ ಅರ್ಧ ಭಾರ ಇಳೀತಿತ್ರಿ," ಎನ್ನುತ್ತಾರೆ. "ನಂದಾ, ಮೇಸ್ತ್ರಿದಾ, ಸಾವ್ಕಾರ್ರದಾ, ಒಂದೂ ತಿಳೀವಲ್ದು. ರಾತ್ರಿ ನಿದ್ದಿ ಹತ್ತಿಲ್ಲ."

ಕಥೆ ಇಷ್ಟು. ಎಪ್ಪತ್ತೆಂಟರ ಈ ಬೇಸಿಗೆಯಲ್ಲಿ ಬಳ್ಳಾರಿಯ ಉಳ್ಳವರ ಮನೆಗಳಿಗೆಲ್ಲ ಒಂದೇ ಹುಚ್ಚು ಹತ್ತಿದೆ. ಕೂತು ಮಾಡುತ್ತಿದ್ದ ಅಡುಗೆಯನ್ನು ಇನ್ನು ನಿಂತು ಮಾಡಬೇಕು. ಅದಕ್ಕೆ ಕಡಪ ಕಲ್ಲು ಹಾಸಿದ ಕಟ್ಟೆ ಬೇಕು. ವಿರೂಪಾಕ್ಷಪ್ಪನವರು ಪಾರ್ವತಿನಗರದ ನೆಂಟರ ಹೊಸ ಅಡುಗೆಮನೆ ನೋಡಿ ಮರುಳಾದರು. ಒಂದು ಹಗ್ಗ ತರಿಸಿ ಕಟ್ಟೆಯ ಎತ್ತರಕ್ಕೆ ಗಂಟು ಹಾಕಿಕೊಂಡು ಬಂದರು. ಮೇಸ್ತ್ರಿ ಚಿನ್ನಪ್ಪ ಆ ಗಂಟಿಗೆ ಕೂದಲೆಳೆಯಷ್ಟೂ ತಪ್ಪದೆ ಕಟ್ಟೆ ಕಟ್ಟಿದರು. ಆದರೆ ನೆಂಟರ ಮನೆಯಲ್ಲಿ ಉರಿಯುವುದು ಗೇಣೆತ್ತರವೂ ಇಲ್ಲದ ಗ್ಯಾಸ್ ಒಲೆ. ಈ ಮನೆಯವರು ಗ್ಯಾಸಿಗೆ ಹೆಸರು ಬರೆಸಿ ದಾರಿ ಕಾಯುತ್ತಿದ್ದಾರೆ. ಅದು ಬರುವವರೆಗೆ ಮಣ್ಣಿನ ಒಲೆಯೇ ಗತಿ. ಅದೇ ಕಟ್ಟೆಯ ಮೇಲೆ ಮೊಳದೆತ್ತರದ ಮಣ್ಣಿನ ಒಲೆ ಏರಿತು, ಒಲೆಯ ಮೇಲೆ ಪಾತ್ರೆ ಏರಿತು, ಪಾತ್ರೆಯ ಬಾಯಿ ವಿರೂಪಾಕ್ಷಪ್ಪನವರ ಹೆಂಡತಿ ಗುರುಬಸಮ್ಮನ ಗದ್ದಕ್ಕೆ ಬಂತು. ಅಡುಗೆಮನೆಗೆ ಅಳತೆ ತಂದವರು ಜನ್ಮದಲ್ಲಿ ಒಂದು ಸಲವೂ ಸೌಟು ಹಿಡಿದವರಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ.

ಗುರುಬಸಮ್ಮ ಮಣೆಯ ಮೇಲೆ ಹತ್ತಿ ಬೇಳೆ ತಿರುವತೊಡಗಿದರು. ಮೊನ್ನೆ ಮಣೆ ಜಾರಿತು. ಕುದಿಯುವ ಬೇಳೆ ಮುಂಗೈ ಮೇಲೆ ಬಿತ್ತು. ಆ ಸುದ್ದಿ ಪಾರಮ್ಮನ ಊರು ಕೊಳಗಲ್ಲಿಗೆ ಮುಟ್ಟಿದಾಗ ಅವರು ತುತ್ತು ಬಿಟ್ಟು ಎದ್ದು ಬಂದರಂತೆ.

"ಹಗ್ಗ ಅವರು ಕೊಟ್ರು, ಕಟ್ಟಿ ನಾನು ಕಟ್ಟಿದೆ, ಒಲಿ ಪಾರಕ್ಕ ಹಾಕಿದ್ಲು," ಎನ್ನುತ್ತಾರೆ ಚಿನ್ನಪ್ಪ, ಮೂರೂ ಕಡೆ ಕೈ ತೋರಿಸಿ. "ಪಾರ್ವತಿನಗರದಾಗ ಚಂದ ಐತಲ್ಲ, ನಮ್ಮನ್ಯಾಗ ಯಾಕ ಇಲ್ಲ?" ಎಂಬುದು ವಿರೂಪಾಕ್ಷಪ್ಪನವರ ಪ್ರಶ್ನೆ. ಅದನ್ನು ಅವರು ಯಾರಿಗೆ ಕೇಳುತ್ತಿದ್ದಾರೋ ಅವರಿಗೇ ತಿಳಿದಂತಿಲ್ಲ.

ಪಾರಮ್ಮ ಹುಟ್ಟಿದ್ದು ಕುರುಗೋಡಿನಲ್ಲಿ, ಸೇರಿದ್ದು ಕೊಳಗಲ್ಲಿನ ಜಡೆಪ್ಪನ ಮನೆ. ಒಲೆ ಹಾಕುವುದನ್ನು ಕಲಿಸಿದ್ದು ಅತ್ತೆ. ಗಂಡ ಜಡೆಪ್ಪ ಹತ್ತಿ ಬಿಡಿಸುವ ಜಿನ್ನಿನಲ್ಲಿ ದುಡಿಯುತ್ತಿದ್ದರು. ಹತ್ತಿಯ ಧೂಳು ಕುಡಿದು ಕುಡಿದು ಎದೆ ಕಟ್ಟಿ ಈಗ ಮನೆ ಹಿಡಿದಿದ್ದಾರೆ. ಸಂಸಾರ ನಿಂತಿರುವುದು ಪಾರಮ್ಮ ಮಣ್ಣು ಹೊರುವ ಬುಟ್ಟಿಯ ಮೇಲೆ. ಬೇಸಿಗೆಯಲ್ಲಿ ದಿನಕ್ಕೊಂದು ಒಲೆ, ಮಳೆಗಾಲದಲ್ಲಿ ತಿಂಗಳಿಗೊಂದೂ ಕಷ್ಟ, ಮಣ್ಣು ಒಣಗುವುದಿಲ್ಲ. ಸೀಮೆಎಣ್ಣೆ ಸ್ಟೋವು ಬಂದ ಮೇಲೆ ಕರೆಯುವವರು ಕಡಿಮೆಯಾಗಿದ್ದಾರೆ. ಈ ಬೀದಿಯಲ್ಲಿ ಕಟ್ಟೆ ಕಟ್ಟಿಸಿದ ಬೇರೆ ಮನೆಗಳೂ ಪಾರಮ್ಮನ ಎರಡನೆಯ ಒಲೆ ಏನಾಗುತ್ತದೆಂದು ನೋಡುತ್ತಿವೆ. ಇದೂ ಕೆಟ್ಟರೆ ಸತ್ಯನಾರಾಯಣಪೇಟೆಯ ಬಾಗಿಲು ಮುಚ್ಚಿದಂತೆಯೇ.

ಅವರ ಅಳತೆಗೆ ಟೇಪು ಬೇಡ. ಅಡುಗೆ ಮಾಡುವವರನ್ನು ನೆಲಕ್ಕೆ ಕೂರಿಸಿ ಕೈ ಚಾಚಿಸುತ್ತಾರೆ. ಅಂಗೈ ಎಲ್ಲಿಗೆ ಬರುತ್ತದೋ ಅಲ್ಲಿಗೆ ಒಲೆಯ ಬಾಯಿ. ಇಲ್ಲೂ ಹಾಗೆಯೇ ಗುರುಬಸಮ್ಮನನ್ನು ಕೂರಿಸಿ ಅಳೆದರು, ಅದೇ ಒಲೆಯನ್ನು ಕಟ್ಟೆಯ ಮೇಲೆ ಹಾಕಿದರು. "ಕುಂತಾಕಿ ಅಳತಿ ನಿಂತಾಕಿಗೆ ಹ್ಯಾಂಗ ಬಂದೀತು? ಅಷ್ಟೂ ಹೊಳೀಲಿಲ್ಲ ನನಗ," ಎಂದು ಹಣೆ ಬಡಿದುಕೊಳ್ಳುತ್ತಾರೆ.

ಹೊಳೆಯದಿರಲು ಇನ್ನೊಂದು ಕಾರಣವಿದೆ, ಅದನ್ನು ಬರೆಯುವಾಗ ಸಿಟ್ಟು ಬರುತ್ತದೆ. ಈ ಮನೆಯಲ್ಲಿ ದೇವರ ಜಗಲಿ ಇರುವುದು ಅಡುಗೆಮನೆಯಲ್ಲೇ. ಒಲೆಗೆ ಪೂಜೆಯಾಗಿ ಬೆಂಕಿ ಬಿದ್ದ ಮೇಲೆ ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಒಲೆ ಹಾಕಿದ ಪಾರಮ್ಮನೂ ಹೊರಗಿನವರೇ. ನಿನ್ನೆ ಒಳಗೆ ಬಿಟ್ಟದ್ದೂ ಬೆಂಕಿ ಆರಿಸಿದ ಒಲೆಯನ್ನು ಒಡೆಯಲಿಕ್ಕೆ ಮಾತ್ರ. ಅವರು ಹೋಗುವ ಮನೆಗಳಲ್ಲೆಲ್ಲ ಇದೇ ರೀತಿ. ಬದುಕಿಡೀ ಒಲೆ ಹಾಕಿದ ಹೆಂಗಸು ಪರರ ಮನೆಯಲ್ಲಿ ತನ್ನ ಒಲೆ ಉರಿಯುವುದನ್ನು ನೋಡಿಯೇ ಇಲ್ಲ. ಹಿತ್ತಿಲಲ್ಲಿ ನಿಂತು ಹೊಗೆ ಯಾವ ಕಡೆ ಹೋಗುತ್ತದೆಂದು ನೋಡಿ ಚೆನ್ನಾಗಿದೆಯೋ ಇಲ್ಲವೋ ಎಂದು ಊಹೆ ಮಾಡಬೇಕು. ಹೊಗೆಗೆ ಕಟ್ಟೆಯ ಎತ್ತರ ಹೇಳಲು ಬರುತ್ತದೆಯೇ?

ಬೆಳಕು ಹರಿಯುತ್ತಿದ್ದಂತೆ ಕೆಲಸ ಒಳಗೆ ಶುರುವಾಗುತ್ತದೆ. ಚಿನ್ನಪ್ಪ ಕಟ್ಟೆಯ ನಡುವಿನ ಕಲ್ಲು ತೆಗೆದಿದ್ದಾರೆ. ಆ ಗುಂಡಿಯೊಳಗೆ ಒಲೆಯನ್ನು ಹೂತು ಹಾಕುವ ಯೋಚನೆ ಪಾರಮ್ಮನದು. ಎಷ್ಟು ಹೂಳಬೇಕು ಎಂಬುದೇ ಈಗ ಗೊಂದಲ. ಗುರುಬಸಮ್ಮ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಸೌಟು ಹಿಡಿದು, ಇಲ್ಲದ ಪಾತ್ರೆಯಲ್ಲಿ ಇಲ್ಲದ ಬೇಳೆ ತಿರುವುತ್ತಾರೆ.

"ಇಲ್ಲಿಗೆ ಸರಿ ಆಗ್ತೈತೇನ್ರಿ ಅಕ್ಕಾರ?"

"ಗೊತ್ತಾಗವಲ್ದು ಪಾರಮ್ಮ. ನಾನರ ಯಾವಾಗ ನಿಂತು ಅಡಿಗಿ ಮಾಡೀನಿ?"

ಆಗ ಪಾರಮ್ಮ ಕೈಯ ಮಣ್ಣು ಕೊಡವಿ, ಜಗಲಿಯ ಪಕ್ಕ ಕೂತ ಗುರುಬಸಮ್ಮನ ಅತ್ತೆ ಚನ್ನವೀರಮ್ಮನ ಕಡೆ ತಿರುಗುತ್ತಾರೆ. ಕೇಳಬಾರದ್ದನ್ನು ಕೇಳುತ್ತಿದ್ದೇನೆಂಬ ಅಂಜಿಕೆ ದನಿಯಲ್ಲಿದೆ. "ಅಮ್ಮಾರ, ಒಲಿ ಒಣಗಿದ ಮ್ಯಾಲೆ ಅಕ್ಕಾರು ಅಡಿಗಿ ಮಾಡೋದನ್ನ ನಾ ಇಲ್ಲೇ ನಿಂತು ನೋಡಬೇಕ್ರಿ. ನೋಡದ ಹೊರತು ನನಗ ತಿಳಿಯಂಗಿಲ್ಲ. ಮತ್ತೊಮ್ಮೆ ಅವರ ಕೈ ಸುಟ್ರ ನಾ ಯಾವ ಬಾಯಿಲೆ ಏನ್ ಹೇಳ್ಲಿ?"

ವಿರೂಪಾಕ್ಷಪ್ಪನವರು ಪಡಸಾಲೆಗೆ ಜಾರುತ್ತಾರೆ. ಚಿನ್ನಪ್ಪ ಕರಣೆ ಒರೆಸತೊಡಗುತ್ತಾರೆ. ಮಡಿಯ ವಿಷಯದಲ್ಲಿ ಮಗನನ್ನೂ ಬಿಡದ ಮುದುಕಿ ಚನ್ನವೀರಮ್ಮ. ಅವರು ಸೊಸೆಯ ಬಟ್ಟೆ ಸುತ್ತಿದ ಕೈಯನ್ನು ಹತ್ತಿರಕ್ಕೆಳೆದು ನೋಡುತ್ತಾರೆ.

"ಪೂಜಿ ಆಗದ ಒಲಿ ಇನ್ನಾ ಮಣ್ಣು," ಎನ್ನುತ್ತಾರೆ. "ಮಣ್ಣಿನ ಮುಂದ ಯಾರರ ನಿಂದರ್ಲಿ. ಮೊದಲ ಹಚ್ಚಿ ನೋಡ್ರಿ, ಆಮ್ಯಾಲೆ ಪೂಜಿ ಮಾಡಿದ್ರಾತು."

ಶಾಸ್ತ್ರ ಇದಕ್ಕೆ ಒಪ್ಪುತ್ತದೆಯೋ ಇಲ್ಲವೋ, ಮನೆಯಲ್ಲಿ ಯಾರೂ ವಿಚಾರಿಸಲು ಹೋಗುವುದಿಲ್ಲ.

ಬಿಸಿಲಿಗೆ ಒಲೆ ಬೇಗ ಒಣಗುತ್ತದೆ. ಮತ್ತೊಂದು ಮುಂಜಾನೆ ಅದೇ ಅಡುಗೆಮನೆಯಲ್ಲಿ ಗುರುಬಸಮ್ಮ ಹತ್ತಿಕಟ್ಟಿಗೆಗೆ ಕಡ್ಡಿ ಗೀರುತ್ತಾರೆ. ಪಾರಮ್ಮ ಗೋಡೆಗೆ ಅಂಟಿಕೊಂಡು ನಿಂತಿದ್ದಾರೆ. ಉರಿ ಏಳುತ್ತದೆ. ಬೇಳೆಯ ಪಾತ್ರೆಯ ಬಾಯಿ ಗುರುಬಸಮ್ಮನ ಮೊಣಕೈಗೆ ಬರುತ್ತದೆ. ಒಳಗೆ ಏನಿದೆಯೆಂದು ಬಗ್ಗದೆ, ಹತ್ತದೆ ಕಾಣುತ್ತದೆ.

ಅಷ್ಟರಲ್ಲಿ ಸೊಸೆಯ ಕೈ ಇನ್ನೂ ಮಾದಿಲ್ಲವೆಂದು ಚನ್ನವೀರಮ್ಮನೇ ಜೋಳದ ಹಿಟ್ಟು ನಾದಿ ಪಕ್ಕದ ಕಲ್ಲಿನ ಮೇಲೆ ರೊಟ್ಟಿ ಬಡಿಯಲು ನಿಲ್ಲುತ್ತಾರೆ. ಬಡಿದ ಏಟಿಗೆ ಕಡಪ ಕಲ್ಲು ಡಬಡಬ ಎನ್ನುತ್ತದೆ. ಅದರ ಕೆಳಗೆ ಬರೀ ಪೊಳ್ಳು. "ಮೆಲ್ಲಕ ಬಡೀರಿ ಅಮ್ಮಾರ, ಕಲ್ಲು ಬಿಟ್ಟೀತು!" ಎಂದು ಚಿನ್ನಪ್ಪ ಓಡಿಬರುತ್ತಾರೆ. "ಮೆಲ್ಲಕ ಬಡಿದ್ರ ರೊಟ್ಟಿ ಆಗ್ತೈತೇನಲೇ?" ಎಂದು ಮುದುಕಿ ಗದರಿಸುತ್ತಾರೆ. ಪಾರ್ವತಿನಗರದ ನೆಂಟರು ಅನ್ನ ಉಣ್ಣುವವರು, ಅವರ ಕಟ್ಟೆಗೆ ಈ ಏಟು ಬಿದ್ದೇ ಇಲ್ಲ.

ಪಾರಮ್ಮ ಗೋಡೆ ಬಿಟ್ಟು ಮುಂದೆ ಬರುತ್ತಾರೆ. ಅಂಜಿಕೆ ಎಲ್ಲಿ ಹೋಯಿತೋ. "ಚಿನ್ನಪ್ಪ, ಈ ಕಲ್ಲಿನ ಬುಡಕ್ಕ ನಾ ಮಣ್ಣು ಗಿಡಿದು ಗಟ್ಟಿ ತುಂಬತೀನಿ. ನೀ ಮುಂದ ಒಂದು ಇಟಂಗಿ ಗ್ವಾಡಿ ಎಬ್ಬಿಸು." ಬಾಗಿ ನೋಡಿದರೆ, ಬೇಳೆ ಇಳಿಸಿ ಒಲೆಗೆ ಏರಿಸಿದ ರೊಟ್ಟಿಯ ಹಂಚು ಒಂದು ಕಡೆ ವಾಲಿದೆ. ಹಂಚು ಇಳಿಸಲು ಹೇಳಿ, ಒದ್ದೆ ಬಟ್ಟೆ ಸುತ್ತಿದ ಕಲ್ಲಿನಿಂದ ಒಲೆಯ ಬಾಯಿಯ ಸುತ್ತ ಪಾತ್ರೆ ಕೂರುವ ಮಣ್ಣಿನ ಗುಂಡುಗಳಲ್ಲಿ ಒಂದನ್ನು ತುಸು ಸವೆಸುತ್ತಾರೆ. ಮತ್ತೆ ಹಂಚು ಏರುತ್ತದೆ, ರೊಟ್ಟಿ ಬೀಳುತ್ತದೆ, ನಡುವಿನಿಂದ ಮೆಲ್ಲಗೆ ಉಬ್ಬುತ್ತದೆ. ಪಾರಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡು ನೋಡುತ್ತಾರೆ. ಕಣ್ಣಲ್ಲಿ ನೀರು ಬಂದದ್ದು ಹೊಗೆಯಿಂದಲ್ಲ. ಅಲ್ಲಿ ಹೊಗೆಯೇ ಇಲ್ಲ.

ಪಾರಮ್ಮ ಮಣ್ಣು ತುಳಿದು ತಂದು ಕಲ್ಲಿನ ಬುಡ ತುಂಬಿ, ಚಿನ್ನಪ್ಪ ಗೋಡೆ ಎಬ್ಬಿಸಿದ ಮೇಲೆ, "ಆತಲ್ಲ? ಇನ್ನ ಪೂಜಿ," ಎನ್ನುತ್ತಾರೆ ಚನ್ನವೀರಮ್ಮ. ಪಾರಮ್ಮನಿಗೆ ಬೇರೆ ಹೇಳಬೇಕಿಲ್ಲ, ತಾವೇ ಹೊಸ್ತಿಲು ದಾಟಿ ಹಿತ್ತಿಲಿಗೆ ಬರುತ್ತಾರೆ. ಪಕ್ಕದ ಮನೆಯ ಅಕ್ಕನಾಗಮ್ಮ ಗೋಡೆಯಾಚೆಯಿಂದ ಇಣುಕಿ, ತಮ್ಮ ಕಟ್ಟೆಗೂ ಒಲೆ ಹಾಕಲು ಯಾವಾಗ ಬರುತ್ತೀ ಎಂದು ಕೇಳುತ್ತಾರೆ.

ಪಾರಮ್ಮ ಕಾಲಿನ ಮಣ್ಣು ತೊಳೆದುಕೊಳ್ಳುತ್ತಲೇ ಉತ್ತರ ಕೊಡುತ್ತಾರೆ.

"ಬರ್ತೀನ್ರಿ ಅಕ್ಕಾರ. ಆದ್ರ ಪೂಜಿಗಿಂತ ಮೊದಲ ಹಚ್ಚಿ ನನಗ ತೋರಸಬೇಕು. ಹಂಗಂತ ಈಗ ಮಾತು ಕೊಟ್ರ ನಾಳೆನ ಮಣ್ಣು ತರ್ತೀನಿ."