ಚೊಕ್ಕಣ್ಣ ಸುಲಿದ ಕೊಬ್ಬು

ಆಪರೇಷನ್‌ನಲ್ಲಿ ತೆಗೆದ ಅಂಗಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಚೊಕ್ಕಣ್ಣ ಮೂವತ್ತೊಂದು ವರ್ಷದಿಂದ ಟೆಕ್ನೀಷಿಯನ್. ಹೆತ್ತವರಿಟ್ಟ ಹೆಸರು ಬೇರೆ. ಇದು ಅವನ ಕೈಗೆ ಸಿಕ್ಕ ಬಿರುದು. ಕರುಳಿನ ತುಂಡು ಬಂದರೆ ಸುತ್ತಲಿನ ಹಳದಿ ಕೊಬ್ಬನ್ನೆಲ್ಲ ಬಾಳೆಹಣ್ಣು ಸುಲಿದಂತೆ ಸುಲಿದು ಬಕೆಟ್ಟಿಗೆಸೆದು, ಬರೀ ಕರುಳನ್ನು ಡಾಕ್ಟರ ಮುಂದಿಡುತ್ತಿದ್ದ. ಕೊಬ್ಬು ಬ್ಲೇಡಿಗೆ ಶತ್ರು ಎಂದು ಹಳೆಯ ಡಾಕ್ಟರು ಹೇಳಿಕೊಟ್ಟಿದ್ದರು. ಅವರು ನಿವೃತ್ತರಾದರು, ಅವರ ಮಾತು ನಿವೃತ್ತಿಯಾಗಲಿಲ್ಲ.

ಒಂದು ಸೋಮವಾರ ಬಂದ ಡಬ್ಬಿಯ ಮೇಲೆ ಅಕ್ಕನ ಹೆಸರಿತ್ತು. ಅವನನ್ನು ಎತ್ತಿ ಆಡಿಸಿದ ಅಕ್ಕ. ಚೊಕ್ಕಣ್ಣ ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಪ್ರೀತಿ ತೋರಿಸಿದ: ಎಂದಿಗಿಂತ ಚೊಕ್ಕವಾಗಿ ಸುಲಿದ.

ಅಂದೇ ಕೆಲಸಕ್ಕೆ ಸೇರಿದ್ದ ಹೊಸ ಡಾಕ್ಟರಮ್ಮ ಟ್ರೇ ನೋಡಿ, ಉಳಿದದ್ದೆಲ್ಲಿ ಎಂದು ಕೇಳಿದರು. ಉಳಿದದ್ದು ಕಸ ಎಂದ ಅವನು ಸ್ವಲ್ಪ ಜಂಬದಿಂದಲೇ.

"ಗೆಡ್ಡೆ ಇರೋದು ಕರುಳಲ್ಲಿ ಮೇಡಂ. ಕೊಬ್ಬಲ್ಲೇನಿದೆ?"

"ಕಳ್ಳ ಓಡಿದ ದಾರಿ ಗುಡಿಸಿಬಿಟ್ಟು, ಮನೆ ಎಷ್ಟು ಚೊಕ್ಕ ನೋಡಿ ಅಂತೀರಲ್ಲ."

ಆಮೇಲೆ ಅವರು ಕುಳಿತು ಬಿಡಿಸಿ ಹೇಳಿದರು. ಗೆಡ್ಡೆ ತನ್ನ ಬಲದಿಂದಷ್ಟೇ ಹಬ್ಬುವುದಿಲ್ಲ. ನೆರೆಹೊರೆ ಹೇಗಿದೆಯೋ ಹಾಗೆ ಹಬ್ಬುತ್ತದೆ. ಕರುಳಿನ ಸ್ನಾಯುಪದರ ಕೆಲಕಾಲ ತಡೆಯುತ್ತದೆ. ಅದನ್ನು ದಾಟಿದರೆ ಆಚೆ ಸಡಿಲವಾದ ಕೊಬ್ಬು, ಅದರೊಳಗೆ ರಕ್ತನಾಳ, ನರ, ದುಗ್ಧರಸ ಗ್ರಂಥಿ. ಕರುಳು ದಾಟಿದ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಸಿಕ್ಕುವುದು ಆ ಗ್ರಂಥಿಗಳಲ್ಲೇ. ಗೆಡ್ಡೆಯ ಸುತ್ತ ಬೆಳೆಯುವ ನಾರು ಒಮ್ಮೆ ಬೇಲಿ, ಇನ್ನೊಮ್ಮೆ ಏಣಿ. ಅವನ ಅಕ್ಕನಿಗೆ ಕೀಮೋ ಬೇಕೇ ಬೇಡವೇ ಎಂಬುದಕ್ಕೆ ಉತ್ತರವಿದ್ದದ್ದು ಅವನೆಸೆದ ಕೊಬ್ಬಿನಲ್ಲಿ.

ಕಸದ ಗಾಡಿ ಹನ್ನೊಂದಕ್ಕೆ ಬರುತ್ತದೆ. ಆಗ ಹತ್ತೂಮುಕ್ಕಾಲು. ಐವತ್ತೆಂಟರ ಚೊಕ್ಕಣ್ಣ ಮೆಟ್ಟಿಲನ್ನು ಎರಡೆರಡಾಗಿ ಹಾರಿದ. ಬಕೆಟ್ಟು ಹಿಂಬಾಗಿಲಿನಲ್ಲಿ ಇನ್ನೂ ಇತ್ತು. ಅಂದು ಬಂದದ್ದು ಅದೊಂದೇ ಕರುಳು, ಹಾಗಾಗಿ ಕೊಬ್ಬು ಯಾರದೆಂಬ ಅನುಮಾನವಿರಲಿಲ್ಲ. ಅದನ್ನು ಕೆಡದಂತೆ ಫಾರ್ಮಲಿನ್‌ನಲ್ಲಿಟ್ಟು, ಮರುದಿನ ಚೂರುಚೂರನ್ನೂ ಬೆರಳ ನಡುವೆ ಹಿಸುಕಿ, ಕಾಳಿನಷ್ಟು ಗಾತ್ರದ ಗ್ರಂಥಿಗಳನ್ನು ಹುಡುಕಿದ. ಹದಿನೇಳು ಸಿಕ್ಕವು. ಡಾಕ್ಟರಮ್ಮ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಮೂರರಲ್ಲಿ ಕ್ಯಾನ್ಸರ್ ಇತ್ತು.

ವರದಿ ಬಂದ ಸಂಜೆ ವಾರ್ಡಿಗೆ ಹೋಗಿ ಅಕ್ಕನ ಮಂಚದ ಪಕ್ಕ ನಿಂತು ಎಲ್ಲವನ್ನೂ ಹೇಳಿದ, ಬಕೆಟ್ಟಿನ ಸಂಗತಿಯನ್ನೂ. ಬೇಕಿದ್ದರೆ ಅದನ್ನು ನುಂಗಿಕೊಳ್ಳಬಹುದಿತ್ತು. ಅಕ್ಕ ಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದವಳು, ಅಳಲಿಲ್ಲ. ಕೀಮೋ ಎಷ್ಟು ತಿಂಗಳು, ಕೂದಲು ಪೂರ್ತಿ ಉದುರುತ್ತದೆಯೇ ಎಂದು ವಿಚಾರಿಸಿದಳು. ತಮ್ಮ ಬಕೆಟ್ಟಿಗೆ ಕೈಹಾಕಿದ್ದನ್ನು ಕೇಳಿ, ಚಿಕ್ಕಂದಿನಲ್ಲಿ ತಟ್ಟೆ ತೊಳೆಯೆಂದರೂ ಮೂಗು ಮುಚ್ಚುತ್ತಿದ್ದೆಯಲ್ಲೋ ಎಂದು ನಕ್ಕಳು. ಅವನಿಗೆ ಎದೆ ಹಗುರಾಯಿತು. ಮಾತು ಮುಗಿಯಿತೆಂದು ಕುರ್ಚಿ ಎಳೆದು ಕುಳಿತ.

"ಅಲ್ವೋ," ಎಂದಳು ಅಕ್ಕ, "ಮೂವತ್ತೊಂದು ವರ್ಷ ಎಲ್ಲರದ್ದೂ ಹೀಗೇ ಸುಲಿದ್ಯಾ?"

ಚೊಕ್ಕಣ್ಣ ಎದ್ದು ನಿಂತ. ನಿಂತೇ ಹೂಂ ಎಂದ.