ಗೋಡೆ ಒಣಗುವವರೆಗೆ

ಕೊವೆಂಟ್ರಿಯಲ್ಲಿ ನಾವು ಕೊಂಡ ಮನೆಯ ಬಚ್ಚಲಿಗೆ ವಾಲ್‌ಪೇಪರ್ ಅಂಟಿಸಿದ್ದರು. ನೀರು ಬೀಳುವ ಕಡೆ ಕಾಗದ ಅಂಟಿಸಿದ ಆ ಪುಣ್ಯಾತ್ಮನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮೈಸೂರಿನಿಂದ ಅಪ್ಪನ ಜೊತೆ ಆರು ತಿಂಗಳಿಗೆಂದು ಬಂದಿದ್ದ ಅಮ್ಮ ಆ ಕಾಗದ ನೆನೆಯಬಾರದೆಂದು ಟಬ್ಬಿನೊಳಗೆ ಸ್ಟೂಲ್ ಹಾಕಿ ಮುದುಡಿ ಕೂತು, ಅರ್ಧರ್ಧ ಚೊಂಬು ನೀರಿನಲ್ಲಿ ಮೈ ತೊಳೆದುಕೊಳ್ಳುತ್ತಿದ್ದಳು.

"ಒಂದ್ಸಲ ಎಣ್ಣೆ ಹಚ್ಕೊಂಡು ತಲೆ ಮೇಲೆ ದಬದಬ ಅಂತ ನೀರು ಹುಯ್ಕೋಬೇಕು ಕಣೇ" ಎಂದಳು ಒಮ್ಮೆ.

ಅಮ್ಮ ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ. ಅಪ್ಪ ಅಮ್ಮ ಹೊರಡಲು ಆರು ವಾರ ಉಳಿದಿತ್ತು. ಅಷ್ಟರೊಳಗೆ ಟೈಲ್ಸ್ ಹಾಕಿಸಿಯೇ ತೀರುತ್ತೇನೆಂದು ಹಟ ಹಿಡಿದೆ.

ಕಾಗದ ಕಿತ್ತರೆ ಅದರ ಜೊತೆ ಹಳೆಯ ಗಾರೆಯೂ ಉದುರಿತು. ಹೊಸ ಪ್ಲಾಸ್ಟರ್ ಬಳಿದ ಕೆಲಸಗಾರ ಹೇಳಿಹೋದದ್ದು ಇಷ್ಟೇ. ಗೋಡೆ ಪೂರ್ತಿ ಒಣಗಿ ತಿಳಿಗುಲಾಬಿ ಬಣ್ಣಕ್ಕೆ ಬರಬೇಕು, ಆಮೇಲೆ ಪ್ರೈಮರ್, ಅದರ ಮೇಲೆ ಟೈಲ್ಸ್. ಹಸಿ ಗೋಡೆಯಾದರೆ ಎಲ್ಲ ಕಳಚಿ ಬೀಳುತ್ತದೆ. ಎರಡು ವಾರ ಕಳೆದರೂ ಗೋಡೆ ಹಸಿಹಸಿಯಾಗಿ ಕಂದು ಬಣ್ಣದಲ್ಲೇ ಇತ್ತು. ನಾನು ಇಂಗ್ಲೆಂಡಿನ ಹವೆಯನ್ನು ಬೈದುಕೊಂಡು ಹೀಟರ್ ಹಚ್ಚಿದೆ.

ಒಂದು ದಿನ ಆಸ್ಪತ್ರೆಯಲ್ಲಿ ನನ್ನ ಡ್ಯೂಟಿಯ ಸರದಿ ಬದಲಾಗಿ ಮಧ್ಯಾಹ್ನವೇ ಮನೆಗೆ ಬಂದೆ. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ಚೊಂಬಿನಲ್ಲಿ ನೀರು ಮೊಗೆದು ಮೊಗೆದು ಗೋಡೆಗೆ ಎರಚುತ್ತಿದ್ದರು. ಅಮ್ಮ ಒಂದು ಹನಿಯೂ ತಾಗದಂತೆ ಕಾಪಾಡುತ್ತಿದ್ದ ಗೋಡೆಗೆ!

"ಅಪ್ಪಾ, ಏನ್ಮಾಡ್ತಿದೀರಾ?"

"ಕ್ಯೂರಿಂಗಮ್ಮಾ. ನಿಂಗೆಲ್ಲಿ ಪುರುಸೊತ್ತು? ದಿನಾ ಎರಡು ಹೊತ್ತೂ ಹಾಕ್ತಿದೀನಿ. ಒಂದು ಬಿರುಕೂ ಬಿಟ್ಟಿಲ್ಲ ನೋಡು."

ಅಪ್ಪ ಮೂವತ್ತು ವರ್ಷ ಕಟ್ಟಡಗಳ ಓವರ್ಸಿಯರ್ ಆಗಿದ್ದವರು, ಸಿಮೆಂಟಿಗೆ ನೀರು ಕುಡಿಸಿ ಗಟ್ಟಿ ಮಾಡಿದವರು. ಇದು ಸಿಮೆಂಟಲ್ಲ, ಜಿಪ್ಸಂ, ಇದಕ್ಕೆ ನೀರು ಆಗದು ಎಂದು ಮೆತ್ತಗೆ ಹೇಳಬಹುದಿತ್ತು. ನಾನು ಕಿರುಚಿದೆ. "ಅಮ್ಮಂಗೆ ಇನ್ನು ಆ ಸ್ನಾನ ಇಲ್ಲ, ನಿಮ್ಮಿಂದ್ಲೇ!" ಅಪ್ಪ ಚೊಂಬನ್ನು ಬಕೆಟ್ಟಿನಲ್ಲಿಟ್ಟು, ಪಂಚೆ ಇಳಿಸಿ, ಹೊರಗೆ ಹೋದರು. ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನದಿಂದ ಅವರು ಬಚ್ಚಲ ಬಾಗಿಲಲ್ಲೇ ಕುರ್ಚಿ ಹಾಕಿದರು. ಫ್ಯಾನನ್ನು ಆ ಕಡೆ ಈ ಕಡೆ ತಿರುಗಿಸುತ್ತಾ, ಗಂಟೆಗೊಮ್ಮೆ ಎದ್ದು, ಜ್ವರ ನೋಡುವವರ ಹಾಗೆ ಗೋಡೆಗೆ ಅಂಗೈ ಇಡುತ್ತಿದ್ದರು. ಅಮ್ಮ ಊಟಕ್ಕೆ ಕರೆದರೆ, "ಆ ಮೂಲೆ ಇನ್ನೂ ತಣ್ಣಗಿದೆ, ಇರು" ಎನ್ನುತ್ತಿದ್ದರು.

ಮತ್ತೆ ಮೂರು ವಾರಕ್ಕೆ ಗೋಡೆ ತಿಳಿಗುಲಾಬಿಯಾಯಿತು. ಪ್ರೈಮರ್ ಡಬ್ಬಿ ತೆರೆದು ಬ್ರಷ್ಷನ್ನು ನಾನೇ ಅಪ್ಪನ ಕೈಗಿಟ್ಟೆ. ಒಣಬಟ್ಟೆಯಲ್ಲಿ ಧೂಳು ಒರೆಸಿ, ಒಂದಿಂಚೂ ಬಿಡದೆ ಬಳಿದರು. ನಡುನಡುವೆ ತಿರುಗಿ, "ಹೀಗೇನಾಮ್ಮಾ?" ಎಂದು ನನ್ನನ್ನು ಕೇಳಿದರು. ನನಗೆ ಅಳು ಬಂತು.

ಟೈಲ್ಸ್ ಕೂತು, ಸಂದುಗಳು ಗಟ್ಟಿಯಾಗುವ ಹೊತ್ತಿಗೆ ಅವರು ಹೊರಡುವ ದಿನವೇ ಬಂತು. ಬೆಳಿಗ್ಗೆ ಅಮ್ಮನ ತಲೆಗೆ ಎಣ್ಣೆ ತಿಕ್ಕಿ ಒಳಗೆ ಕಳಿಸಿದೆ. ಮೊದಲ ಚೊಂಬು ಅಭ್ಯಾಸಬಲದಿಂದ ಮೆಲ್ಲಗೇ ಬಿತ್ತು. ಅಪ್ಪ ಬಾಗಿಲು ತಟ್ಟಿದರು.

"ಗೋಡೆಗೇನೂ ಆಗಲ್ಲ ಕಣೇ, ಧಾರಾಳವಾಗಿ ಹುಯ್ಕೋ."

ಆಮೇಲೆ ಒಳಗೆ ದಬದಬನೆ ನೀರು ಸುರಿಯಿತು. ಬಕೆಟ್ ಖಾಲಿಯಾಗಿ ನಲ್ಲಿ ಮತ್ತೆ ತಿರುಗಿತು. ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ, ಆ ಇಂಗ್ಲಿಷ್ ಡ್ರೈವರನಿಗೆ ಅಚ್ಚ ಕನ್ನಡದಲ್ಲಿ ಕೂಗಿ ಹೇಳಿದರು: "ಸ್ವಲ್ಪ ಇರಪ್ಪಾ, ಅವಳು ಇನ್ನೂ ಸ್ನಾನ ಮಾಡ್ತಿದಾಳೆ!"